ಒಂದು ಲೇ

ಎರಡನೆಯ ಮಹಡಿಯ ಕೋಣೆ. ಕೆಳಗೆ ಕಾಲುವೆಯ ನೀರು
ಇಳಿತಕ್ಕೆ ಸರಿದು ಕೆಸರು ತೋರಿಸುತ್ತಿದೆ.
ಹ್ಯಾಂಬರ್ಗಿನ ನವೆಂಬರ್; ಮೂರೂವರೆಗೇ ದೀಪ.
ಮೇಜಿನ ಮೇಲೆ ಒಂದು ತಟ್ಟೆ ಹಸಿ ಕಾಫಿಬೀಜ,
ಇನ್ನೂರ ಎಪ್ಪತ್ತು ಚೀಲದ ಜಗಳಕ್ಕೆ
ಒಂದು ಮುಷ್ಟಿ ಪ್ರತಿನಿಧಿ.

ಮೂಸಿದೆ. ನೆನೆದ ಗೋಣಿ, ಅದರ ಹಿಂದೆ
ಹಳೆಯ ನೆಲಮಾಳಿಗೆ.
ಇಷ್ಟು ನನ್ನ ಅಧಿಕಾರದಲ್ಲಿದೆ: ಮೂಸುವುದು,
ಚೀಲ ಸೀಳಿಸುವುದು, ತಜ್ಞನನ್ನು ಕರೆಸಿ
ಅವನ ಮೂಗನ್ನು ನನ್ನ ಮೂಗಿನ ಪಕ್ಕ ಕೂರಿಸುವುದು.
ಕೊಂಡವರನ್ನೂ ಮಾರಿದವರನ್ನೂ ಕೇಳಬಹುದು, ಕಾಗದ ತನ್ನಿ ಎಂದು.
ತರದಿದ್ದರೆ ತರಲಿಲ್ಲವೆಂದು ಬರೆದುಕೊಳ್ಳಬಹುದು.
ಖಾಲಿ ಕೈಯೂ ಒಂದು ಬಗೆಯ ಕಾಗದ,
ಓದಲು ಬರಬೇಕು.

ನೀರು ತಗುಲಿದ್ದು ಹಡಗಿನಲ್ಲೋ, ದಡದಲ್ಲೋ?
ಬಲ್ಲದ್ದು ಒಂದೇ ಪುಸ್ತಕ:
ಉಗ್ರಾಣದ ದಿನಚರಿ, ಪೆನ್ಸಿಲಿನಲ್ಲಿ,
ದಿನಕ್ಕೆರಡು ಸಲ ತೇವ, ಶಾಖ, ಗಾಳಿಯ ದಿಕ್ಕು.
ಬರೆದವನು ಡೆಟ್ಲೆಫ್ ಓಲ್ಟ್‌ಮನ್ಸ್,
ಮೂವತ್ತೊಂದು ವರ್ಷ ಅಲ್ಲಿ ತೂಕ ಹಾಕಿದವನು.

ಉಗ್ರಾಣದವರು ನಮ್ಮ ಕರಾರಿಗೆ ಸಹಿ ಹಾಕಿದವರಲ್ಲ.
ಇಬ್ಬರು ಒಪ್ಪಿ ಕೂರಿಸಿದ ಕುರ್ಚಿ ಇದು;
ಮೂರನೆಯವನ ಹೊಸ್ತಿಲಿಗೆ ಇದರ ಕಾಲು ಮುಟ್ಟುವುದಿಲ್ಲ.
ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ.
ಅಂಗೈಯನ್ನೇ ಮುಚ್ಚಿ ಹಿಡಿದವನಿಗೆ?

ಪತ್ರ ಬರೆದೆ. "ದಯಮಾಡಿ ಬನ್ನಿ."
ಹರಿದೆ. "ತಾವು ಬರಬಹುದು." "ಬಂದರೆ ಉಪಕಾರ."
'ಬರಬೇಕು' ಎಂದು ಬರೆದು ನೋಡಿದೆ; ಅಕ್ಷರವೇ ನಾಚಿತು.
'ಬರಲೇಬೇಕು' ಎನ್ನಲು ಬೇಕಾದ ಆ ಒಂದು ಲೇ
ನನ್ನ ಚೀಲದಲ್ಲಿಲ್ಲ. ಅದು ಸರಕಾರದ್ದು,
ಕೋರ್ಟಿನ ಬೀರುವಿನಲ್ಲಿ, ಮುದ್ರೆಯ ಪಕ್ಕ.
ಕೊನೆಗೆ ಹೋದದ್ದು 'ಬರಬಹುದು.'
ಉತ್ತರವಿಲ್ಲ.

ಜೊತೆಯ ಮಧ್ಯಸ್ಥ ಹೆನ್ನಿಂಗ್ ನಕ್ಕ:
"ಹಲ್ಲಿಲ್ಲದ ಬಾಯಿ ನಮ್ಮದು, ವೀಬ್ಕೆ.
ಕೋರ್ಟಿನಿಂದ ಎರವಲು ತರೋಣ."
ನನಗೋ, ಆ ಬೊಚ್ಚುಬಾಯಿಯೇ ಹೆಮ್ಮೆ.
ಬಲವಂತವಿಲ್ಲದ ನ್ಯಾಯ ಎಂದು
ಹೊಸಬರಿಗೆ ವರ್ಷ ವರ್ಷವೂ ಪಾಠ ಹೇಳಿದವಳು ನಾನು.
ಆದರೂ ಅರ್ಜಿಗೆ ಸಹಿ ಹಾಕಿದೆ.

ಹದಿನಾಲ್ಕು ವಾರ. ತಟ್ಟೆಯ ಬೀಜ ವಾಸನೆ ಮರೆಯಿತು.

ಕೋರ್ಟಿನಲ್ಲಿ ನನಗೆ ಪಕ್ಕದ ಬೆಂಚು.
ನ್ಯಾಯಾಧೀಶೆ ನನ್ನ ಮಗಳಿಗಿಂತ ಚಿಕ್ಕವಳು.
ಓಲ್ಟ್‌ಮನ್ಸ್ ಬಂದ, ಇಸ್ತ್ರಿಯ ಗೆರೆ ಇನ್ನೂ ಬಿಸಿ,
ರೊಟ್ಟಿಯ ಕಾಗದದಲ್ಲಿ ಸುತ್ತಿದ ದಿನಚರಿ.
ಪ್ರಶ್ನೆ ಕೇಳಲು ನನಗೂ ಅವಕಾಶವಿತ್ತು. ಒಂದೇ ಕೇಳಿದೆ:
ಮಾರ್ಚ್ ಹತ್ತೊಂಬತ್ತನ್ನು ಓದಿ.

"ಉತ್ತರದ ಕಿಟಕಿ ತೆರೆದೇ ಇದೆ. ಹೇಳಿದೆ. ಮುಚ್ಚಲಿಲ್ಲ."

ಯಾರಿಗೆ ಹೇಳಿದಿರಿ, ನ್ಯಾಯಾಧೀಶೆ ಕೇಳಿದಳು.
ಹೆಸರು ಹೇಳುವ ಮೊದಲು ಅವನು
ಪುಸ್ತಕವನ್ನು ಮುಚ್ಚಿ, ಮತ್ತೆ ತೆರೆದ.
ಮಾಲೀಕರ ಹೆಸರು.
ಕೈ ಎತ್ತಿಸಿ ಪ್ರಮಾಣ ಮಾಡಿಸಿದರು; ಅದೂ ನನಗಿಲ್ಲದ ಅಧಿಕಾರ.

ಹೊರಗೆ, ಕೋಟುಗಳ ಸಾಲಿನ ಹತ್ತಿರ ಕೇಳಿದೆ:
ನನ್ನ ಪತ್ರ ತಲುಪಿರಲಿಲ್ಲವೇ?
"ತಲುಪಿತ್ತು. ಅಡುಗೆಮನೆಯ ಗಡಿಯಾರದ ಹಿಂದೆ ಇದೆ.
ಎರಡು ಸಲ ಬೂಟು ಹಾಕಿಕೊಂಡೆ, ಬಿಚ್ಚಿದೆ."
ಟೋಪಿಯನ್ನು ಒಂದು ಸುತ್ತು ತಿರುಗಿಸಿದ.
"ಅವರ ಮಗನ ಮದುವೆಯಲ್ಲಿ ಕುಣಿದವನು ನಾನು, ಅಮ್ಮ.
ನೀವು ಬರಬಹುದು ಎಂದಿರಿ.
ಬಂದಿದ್ದರೆ, ನಾನಾಗಿಯೇ ಬಂದೆ ಎಂದಾಗುತ್ತಿತ್ತು.
ಇವರು ಬರಲೇಬೇಕು ಎಂದರು.
ಈಗ ಅವರು ಎದುರು ಸಿಕ್ಕರೂ
ಅದೇ ಬೀದಿಯಲ್ಲಿ ನಡೆಯಬಲ್ಲೆ."

ಬಲವಂತವೆಂದರೆ ಬೆತ್ತವೆಂದಷ್ಟೇ ತಿಳಿದಿದ್ದೆ.
ಕೆಲವರಿಗೆ ಅದು ಕೊಡೆ,
ಅದರ ಕೆಳಗೆ ನಿಂತರೆ ಮಾತ್ರ
ಬಾಯಿ ತೆರೆಯುವಷ್ಟು ಒಣಗಿರುತ್ತದೆ ಮೈ.

ಈ ವರ್ಷ ಹೊಸಬರಿಗೆ ಆ ಪಾಠ ಶುರುಮಾಡಿ
ನಡುವೆ ನಿಲ್ಲಿಸಿದೆ. ಯಾರೋ ಕಿಟಕಿ ಮುಚ್ಚಲು ಎದ್ದರು.

ತೀರ್ಪು ನಲವತ್ತೆರಡು ಪುಟ. ಕೊನೆಯ ಹಾಳೆಯಲ್ಲಿ ಖರ್ಚಿನ ಲೆಕ್ಕ:
ಕೋರ್ಟು ಶುಲ್ಕ, ತಜ್ಞನ ಶುಲ್ಕ, ಸೀಳಿದ ಚೀಲ ಆರು,
ಸಾಕ್ಷಿಯ ಬಸ್ಸು, ಹೋಗಿ ಬರಲು,
ಏಳು ಯೂರೋ ಎಂಬತ್ತು.